ಹುಳದ ಮನೆಯ ಹೊಸ್ತಿಲ ಸುಣ್ಣ

ನವೆಂಬರ್ ೨೫, ಸೋಮವಾರ

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಮುಂದೆ ಸ್ಲೇಟು ಎಸೆದು ಮನೆಗೆ ಬಂದವನನ್ನು ಅರವತ್ತೊಂಬತ್ತನೇ ವಯಸ್ಸಿನಲ್ಲಿ ಹಿಡಿದು ಮತ್ತೆ ಕೂರಿಸಿದ್ದಾರೆ. ಕೂರಿಸಿದವರು ಕೋಲಾರದ ಡಾಕ್ಟರು, ಮಾನಸ ಅಂತ ಹೆಸರು. ನನ್ನ ಹೆಂಡತಿ ಕದಿರಮ್ಮನ ಕೈ ಹಿಡಿದು ನೋಡಿದರು, ರಕ್ತ ತೆಗೆಸಿದರು, ಕಡೆಗೆ ನನ್ನ ಕಡೆ ತಿರುಗಿ, "ತಾತ, ಒಂದು ನೋಟ್‌ಬುಕ್ ತಗೊಳ್ಳಿ, ದಿನಾ ಬರೀರಿ" ಎಂದರು. ಓದಿದವರು ಅವರು, ಬರೆಯುವವನು ನಾನು. ಇದು ಯಾವ ನ್ಯಾಯ.

ಬರೆಯಬೇಕಾದ್ದು ಇಷ್ಟು. ಬೆರಳು ದಿನಕ್ಕೆ ಎಷ್ಟು ಸಲ ಬೆಳ್ಳಗಾದವು. ಮುಷ್ಟಿ ಕಟ್ಟಿದರೆ ಬೆರಳ ತುದಿಗೂ ಅಂಗೈಗೂ ನಡುವೆ ಎಷ್ಟು ಜಾಗ ಉಳಿಯಿತು. ಬಾಯಿ ತೆರೆದರೆ ಎಷ್ಟು ಬೆರಳು ಹಿಡಿಯುತ್ತದೆ. ಎಷ್ಟು ಹೆಜ್ಜೆಗೆ ಉಸಿರು ಸಾಲದೆ ನಿಂತಳು.

ಇದನ್ನೆಲ್ಲ ಅವಳೇ ಬರೆಯಬೇಕಿತ್ತು. ಎಂಟನೇ ಕ್ಲಾಸು ಓದಿದವಳು. ಮೂವತ್ತೆಂಟು ವರ್ಷದಿಂದ ರೇಷ್ಮೆ ಹುಳು ಮೇಯಿಸುತ್ತಿದ್ದೇವೆ. ಯಾವ ದಿನ ಹುಳು ಪೊರೆ ಬಿಡಲು ಜ್ವರಕ್ಕೆ ಹೋದವು, ಯಾವ ದಿನ ಎದ್ದವು, ಎಲ್ಲ ಅವಳ ಅಕ್ಷರದಲ್ಲಿದೆ. ಈಗ ಪೆನ್ನು ಹಿಡಿದರೆ ಜಾರುತ್ತದೆ. ಬೆರಳ ಚರ್ಮ ಡೋಲಿನ ತೊಗಲಿನಂತೆ ಬಿಗಿದುಕೊಂಡಿದೆ.

ಸೊಸೆ ಗಂಗಾಲಕ್ಷ್ಮಿ ಹೇಳಿದಳು: "ಡಾಕ್ಟ್ರಿಗೆ ಬೇಕಾಗಿರೋದು ನಂಬರು ಅಷ್ಟೆ ಮಾವ. ಅದನ್ನ ನಾನು ಬೇರೆ ಹಾಳೇಲಿ ಇಳಿಸಿಕೊಡ್ತೀನಿ. ಮಿಕ್ಕ ಜಾಗದಲ್ಲಿ ನೀವು ಯಾರನ್ನ ಬೇಕಾದ್ರೂ ಬೈಕೊಳ್ಳಿ."

ಸರಿ. ಇವತ್ತು ಬೆಳ್ಳಗಾದದ್ದು ನಾಲ್ಕು ಸಲ. ಮುಷ್ಟಿಯಲ್ಲಿ ಉಳಿದ ಜಾಗ ಒಂದು ರೇಷ್ಮೆ ಗೂಡು ಹಿಡಿಯುವಷ್ಟು. ಬಾಯಿಗೆ ಎರಡೂವರೆ ಬೆರಳು. ಹೆಜ್ಜೆ ಎಣಿಸಲಿಲ್ಲ.

ನವೆಂಬರ್ ೨೮, ಗುರುವಾರ

ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಪದ ಬರೆದಿದ್ದಾರೆ. ಮಗ ಕದಿರೇಶ ಓದಿದ: ಸಿಸ್ಟಮಿಕ್ ಸ್ಕ್ಲಿರೋಸಿಸ್. ಅರ್ಥ ಏನೋ ಎಂದರೆ ಅವನಿಗೂ ಗೊತ್ತಿಲ್ಲ. ಸುಗಟೂರಿನ ಮೆಡಿಕಲ್ ಅಂಗಡಿಯವನನ್ನು ಕೇಳಿದೆ. ಮೊದಲ ಪದ ನೋಡಲೇ ಇಲ್ಲ, ಎರಡನೆಯದನ್ನು ನೋಡಿ, "ಇದು ಮೆದುಳಿನ ನರದ್ದು, ಕಾಲು ಬಿದ್ದೋಗುತ್ತೆ" ಎಂದ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಶ್ರೀನಿವಾಸಪುರದವನೊಬ್ಬ ತನ್ನ ಭಾವನಿಗೂ ಅದೇ ಆಗಿತ್ತು, ಅದು ಹೃದಯದ ರಕ್ತನಾಳದ ಕಾಯಿಲೆ, ಉಪ್ಪು ಬಿಡಬೇಕು ಎಂದ. ಒಂದು ಪದಕ್ಕೆ ಇಬ್ಬರು, ಇಬ್ಬರಿಗೂ ಕದಿರಮ್ಮನ ಕೈ ಗೊತ್ತಿಲ್ಲ. ಅವಳ ಕಾಲು ಸರಿಯಾಗಿದೆ. ಉಪ್ಪನ್ನೂ ಅವಳು ಮೊದಲಿನಿಂದ ಕಡಿಮೆಯೇ ತಿನ್ನುವುದು.

ಡಾಕ್ಟರು ಅವತ್ತು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಒಂದೇ ಮಾತು. ಚರ್ಮ ಗಟ್ಟಿಯಾಗುತ್ತಾ ಹೋಗುತ್ತದೆ, ಹಾಗೇ ಒಳಗಿನದೂ ಗಟ್ಟಿಯಾಗಬಹುದು. ಅಂಟುವ ಕಾಯಿಲೆಯಲ್ಲ ಎಂದರು.

ಬೆಳ್ಳಗಾದದ್ದು ಐದು ಸಲ. ಬಾಯಿ ಎರಡೂವರೆ.

ಡಿಸೆಂಬರ್ ೧, ಭಾನುವಾರ

ಪಕ್ಕದ ಮನೆಯ ದೊಡ್ಡವೆಂಕಟಪ್ಪ ಬಂದು ಜಗಲಿಯಲ್ಲಿ ಕೂತ. ಕದಿರಮ್ಮ ಅವನಿಗೆ ಟೀ ಕೊಟ್ಟಳು. ಎರಡೂ ಅಂಗೈಗಳ ನಡುವೆ ಲೋಟ ಒತ್ತಿಕೊಂಡು ತಂದಳು, ಬೆರಳಲ್ಲಿ ಹಿಡಿಯಲು ಆಗಲಿಲ್ಲ. ಬೆಳಗಿನ ಚಳಿಗೆ ಬೆರಳು ತುದಿಯಿಂದ ಗೆಣ್ಣಿನವರೆಗೆ ಬೆಳ್ಳಗಾಗಿದ್ದವು. ಅವನು ನೋಡಿದ. ಅವಳು ಒಳಗೆ ಹೋದ ಮೇಲೆ ತಲೆ ತಗ್ಗಿಸಿ ಹೇಳಿದ:

"ಲೇ ಗಂಗುಲಪ್ಪ, ಇದು ಸುಣ್ಣಕಟ್ಟು ಇದ್ದಂಗೆ ಐತಲ್ಲೋ."

ನಾನು ಎರಡು ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಅದು. ರೇಷ್ಮೆ ಹುಳುವಿಗೆ ಚಳಿಗಾಲದಲ್ಲಿ ಬರುವ ರೋಗ ಸುಣ್ಣಕಟ್ಟು. ಹುಳು ಮೊದಲು ಮಂಕಾಗುತ್ತದೆ, ಆಮೇಲೆ ಬಿಗಿಯುತ್ತದೆ, ಕಡ್ಡಿಯಂತೆ ಗಟ್ಟಿಯಾಗುತ್ತದೆ, ಕಡೆಗೆ ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತದೆ. ಅಂಥದ್ದು ಒಂದನ್ನು ಸೊಪ್ಪಿನ ಹಾಸಿಗೆಯ ಮೇಲೆ ಬಿಟ್ಟರೆ ಇಡೀ ಮನೆಯ ಹುಳು ಹೋದಂತೆ. ಆರಿಸಿ ಸುಡಬೇಕು, ಸುತ್ತ ಸುಣ್ಣ ಚೆಲ್ಲಬೇಕು. ಇವಳದೂ ಅದೇ ಸಾಲಿನಲ್ಲೇ ಬಂದಿದೆ. ಊದಿಕೊಂಡಿತು, ಬಿಗಿಯಿತು, ಬೆಳ್ಳಗಾಯಿತು.

ಮನುಷ್ಯರಿಗೆ ಅಂಟುವುದಿಲ್ಲ ಎಂದರು ಡಾಕ್ಟರು. ಹುಳುವಿಗೆ ಅಂಟುತ್ತದೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರ್ ೩, ಮಂಗಳವಾರ

ನಾಳೆ ಚಾಕಿ ಹುಳು, ಅಂದರೆ ಎರಡು ಜ್ವರ ಮುಗಿಸಿದ ಮರಿ ಹುಳು ಬರುತ್ತವೆ. ಹುಳದ ಮನೆ ತೊಳೆದು, ರೋಗ ಬರದಿರಲಿ ಎಂದು ಫಾರ್ಮಲಿನ್ ಹೊಡೆದು ಮುಚ್ಚಿದ್ದೆ, ಇವತ್ತು ತೆಗೆದೆ. ಕದಿರಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ನೀನು ಈ ಸಲ ಒಳಗೆ ಬರೋದು ಬೇಡ" ಎಂದೆ.

"ಯಾಕೆ."

"ಡಾಕ್ಟ್ರು ರೆಸ್ಟ್ ಅಂದವ್ರೆ."

"ಡಾಕ್ಟ್ರು ಕೈ ಆಡಿಸ್ತಾ ಇರು ಅಂದ್ರು. ರೆಸ್ಟ್ ಅಂದಿದ್ದು ಯಾವ ಡಾಕ್ಟ್ರು?"

ಅವಳು ನನ್ನ ಮುಖ ನೋಡುತ್ತಾ ಅಲ್ಲೇ ನಿಂತಳು. ಮೊದಲಿನಿಂದಲೂ ಹಾಗೆ, ಇವಳು ಮುಖ ನೋಡಿದರೆ ಎಲ್ಲ ಗೊತ್ತಾಗಿಬಿಡುತ್ತದೆ. "ದೊಡ್ಡವೆಂಕಟಪ್ಪನ ಗಂಟಲು ಗೋಡೆ ದಾಟುತ್ತೆ" ಎಂದಳು. "ನನ್ನ ಕೈಗೆ ಸುಣ್ಣಕಟ್ಟು ಅಂತ ತಾನೆ."

"ಇನ್ನೂರು ಮೊಟ್ಟೆ ಹುಳು ಕಣೇ" ಎಂದೆ. ಅಂದರೆ ಲಕ್ಷದ ಹತ್ತಿರ ಹುಳು.

ಅವಳು ಬೈರಕೂರಿನ ಕಡೆಯವಳು. ಸಿಟ್ಟು ಬಂದರೆ ತವರಿನ ತೆಲುಗಿಗೆ ಹೋಗುತ್ತಾಳೆ. "ಚಾಲು" ಎಂದಳು. ಸಾಕು ಎಂದು. ಅಡುಗೆಮನೆಗೆ ಹೋದಳು.

ಡಿಸೆಂಬರ್ ೪, ಬುಧವಾರ

ಹುಳು ಬಂದವು. ಚೆನ್ನಾಗಿವೆ. ಹೀಟರ್ ಹಾಕಿದೆ, ಇಪ್ಪತ್ತಾರು ಡಿಗ್ರಿಗೆ ನಿಲ್ಲಿಸಿದೆ. ಹೊಸ್ತಿಲಿಗೆ ಅಡ್ಡವಾಗಿ ಒಂದು ಗೇಣು ಅಗಲ ಸುಣ್ಣ ಎಳೆದೆ. ಪ್ರತಿ ಬೆಳೆಗೂ ಎಳೆಯುತ್ತೇವೆ, ಹೊರಗಿನವರು ದಾಟಬಾರದು ಎಂದು.

ಮಧ್ಯಾಹ್ನ ಕದಿರಮ್ಮ ನನಗೆ ಮುದ್ದೆ ತಂದಳು. ಸುಣ್ಣದ ಆಚೆ ನಿಂತು, ತಟ್ಟೆಯನ್ನು ನೆಲಕ್ಕಿಟ್ಟು ಕಾಲಲ್ಲಿ ಸ್ವಲ್ಪ ಒಳಕ್ಕೆ ತಳ್ಳಿದಳು. ಅವಳು ಹೋದ ಮೇಲೆ ಅವಳು ನಿಂತಿದ್ದ ಜಾಗಕ್ಕೂ ಒಂದು ಹಿಡಿ ಸುಣ್ಣ ಚೆಲ್ಲಿದೆ. ತಲೆ ಎತ್ತಿದರೆ ನೀರಿನ ತೊಟ್ಟಿಯ ಹತ್ತಿರ ತಿರುಗಿ ನಿಂತಿದ್ದಳು.

ನೋಡಿದಳು. ನೋಡಲಿ. ಚೆಲ್ಲಬೇಕಿತ್ತು, ಚೆಲ್ಲಿದೆ.

ಬೆಳ್ಳಗಾದದ್ದು ಎಷ್ಟು ಸಲ ಎಂದು ಸಾಯಂಕಾಲ ಕೇಳಿದೆ. "ಗೊತ್ತಿಲ್ಲ" ಎಂದಳು.

ಡಿಸೆಂಬರ್ ೯, ಸೋಮವಾರ

ಮೂರನೇ ಜ್ವರ. ಬೆಳ್ಳಗಾದದ್ದು ಆರು ಸಲ ಎಂದು ಸೊಸೆ ಹೇಳಿದಳು. ಮುಷ್ಟಿಗೆ ಅಳತೆ ಕೊಡಲಿಲ್ಲ.

ಡಿಸೆಂಬರ್ ೧೨, ಗುರುವಾರ

ಏಳು ಸಲ. ತೋರುಬೆರಳ ತುದಿಯಲ್ಲಿ ಸಣ್ಣ ಹುಣ್ಣು. ನನ್ನ ಜೊತೆ ಮಾತಿಲ್ಲ. ತೊಟ್ಟಿಯಿಂದ ಬಾಗಿಲಿಗೆ ನಲವತ್ತೆಂಟು ಹೆಜ್ಜೆ. ಅವಳು ನಲವತ್ತಕ್ಕೆ ಉಸಿರು ಸಾಲದೆ ಒಂದು ಸಲ ನಿಂತಳು. ನಾನು ಕಿಟಕಿಯಿಂದ ಎಣಿಸಿದೆ.

ಡಿಸೆಂಬರ್ ೧೬, ಸೋಮವಾರ

ಕೋಲಾರಕ್ಕೆ ಹೋಗಿ ಬಂದೆವು. ಹುಳು ನಾಲ್ಕನೇ ಜ್ವರದಲ್ಲಿವೆ, ಸೊಪ್ಪು ಹಾಕುವ ಹಾಗಿಲ್ಲ, ಅದಕ್ಕೇ ಇವತ್ತು ಬಿಡುವು.

ಡಾಕ್ಟರಿಗೆ ಚೀಟಿ ತೋರಿಸಿ ನೇರ ಕೇಳಿದೆ. "ಈ ಪದಕ್ಕೆ ಒಬ್ಬ ಮೆದುಳು ಅಂತಾನೆ, ಒಬ್ಬ ಹೃದಯ ಅಂತಾನೆ. ನೀವು ಬರೆದಿರೋದು ನೀವೇ ಹೇಳಿ."

ಅವರು ನಗಲಿಲ್ಲ. ಅದೊಂದು ಒಳ್ಳೆಯದು. "ಸ್ಕ್ಲಿರೋಸಿಸ್ ಅಂದ್ರೆ ಗಟ್ಟಿಯಾಗೋದು ತಾತ, ಅಷ್ಟೇ. ಮೆತ್ತಗಿರಬೇಕಾದ ಜಾಗ ಗಟ್ಟಿಯಾದ್ರೆ ಡಾಕ್ಟ್ರುಗಳು ಆ ಪದ ಹಾಕ್ತೀವಿ. ಯಾವ ಜಾಗ ಅನ್ನೋದನ್ನ ಜೊತೇಲಿರೋ ಪದ ಹೇಳುತ್ತೆ. ರಕ್ತನಾಳದ್ದು ಬೇರೆ ಕಾಯಿಲೆ, ನರದ್ದು ಬೇರೆ ಕಾಯಿಲೆ. ಒಂದಕ್ಕೊಂದು ಸಂಬಂಧ ಇಲ್ಲ."

"ಅಂದ್ರೆ ಊರ ಹೆಸರು ಬರೀದೆ ಬರೀ ಕೋಲಾರ ಜಿಲ್ಲೆ ಅಂತ ಬರೆದ ಕಾಗದ."

"ಹಂಗೇ ಅಂದ್ಕೊಳ್ಳಿ."

"ಇವಳಿಗೆ ಬರೆದಿರೋ ಊರು ಯಾವುದು?"

"ಸಿಸ್ಟಮಿಕ್ ಅಂದ್ರೆ ಮೈಯೆಲ್ಲ" ಎಂದರು. "ಚರ್ಮದಲ್ಲಿ ಇದೆ. ಅನ್ನನಾಳದಲ್ಲಿ ಸ್ವಲ್ಪ ಇರಬೇಕು, ಅದಕ್ಕೇ ಅಜ್ಜಿಗೆ ಮುದ್ದೆ ಇಳಿಯಲ್ಲ. ಶ್ವಾಸಕೋಶದಲ್ಲಿ ಇದೆಯೋ ಇಲ್ವೋ ಸ್ಕ್ಯಾನ್ ಮಾಡಿಸಿ ನೋಡ್ಬೇಕು."

ಮುದ್ದೆ ಇಳಿಯುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಹುಳದ ಮನೆಯಲ್ಲೇ ಉಣ್ಣುತ್ತೇನೆ, ಅವಳು ಉಣ್ಣುವುದನ್ನು ನೋಡಿ ಎಷ್ಟು ದಿನ ಆಯಿತೋ.

"ಹುಳು ಗೂಡು ಕಟ್ಟೋ ತನಕ ಯಾವ ಸ್ಕ್ಯಾನೂ ಬೇಡ" ಎಂದಳು ಕದಿರಮ್ಮ. ಅವಳನ್ನು ಒಳಗೇ ಬಿಡದ ಹುಳು.

ಕಡೆಗೆ ಕೇಳಿಯೇ ಬಿಟ್ಟೆ. ಇದು ರೇಷ್ಮೆ ಹುಳುವಿಗೆ ಅಂಟುತ್ತದೋ ಎಂದು. ಡಾಕ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಹುಳುವಿಗೆ ಬರೋದು ಬೂಷ್ಟಿನಿಂದ ತಾತ. ಹೊರಗಿನಿಂದ ಬರುತ್ತೆ. ಇವರದು ಇವರ ಮೈಯೇ ಒಳಗಿನಿಂದ ಮಾಡ್ಕೊಳ್ತಿರೋದು. ಯಾರಿಗೂ ಅಂಟಲ್ಲ, ಯಾವುದಕ್ಕೂ ಅಂಟಲ್ಲ. ಇವರಿಗೆ ಬೇಕಾಗಿರೋದು ಶಾಖ. ಚಳೀಲಿ ಕೈ ಇಟ್ರೆ ಬೆರಳೇ ಹೋಗ್ಬಹುದು."

ಬಸ್ಸಿನಲ್ಲಿ ಕದಿರಮ್ಮ ಕಿಟಕಿ ಕಡೆ ಕೂತಳು. ಗಾಳಿ ಬರುತ್ತಿತ್ತು. ಗಾಜು ಮುಚ್ಚಲು ಅವಳ ಕೈಯಲ್ಲಾಗಲಿಲ್ಲ, ನನ್ನನ್ನು ಕೇಳಲೂ ಇಲ್ಲ. ನಾನೇ ಎದ್ದು ಮುಚ್ಚಿದೆ.

ಓದಿದವರೂ ಒಮ್ಮೊಮ್ಮೆ ತಪ್ಪುತ್ತಾರೆ. ಬೆಳೆ ಇನ್ನು ಎಂಟೇ ದಿನ. ಸುಣ್ಣ ಇರಲಿ.

ಡಿಸೆಂಬರ್ ೧೭, ಮಂಗಳವಾರ

ಗಂಗಾಲಕ್ಷ್ಮಿ ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸಿದಳು. ಒಳಗಿನ ಥರ್ಮಾಮೀಟರ್ ಕಡೆ ನೋಡಿ, "ಎಷ್ಟೈತೆ ಮಾವ" ಎಂದಳು.

"ಇಪ್ಪತ್ತೈದು."

"ಅಡುಗೆಮನೇಲಿ ಬೆಳಿಗ್ಗೆ ಹದಿಮೂರಿತ್ತು. ಫೋನಲ್ಲಿ ನೋಡ್ದೆ. ಅತ್ತೆ ತಣ್ಣೀರಲ್ಲಿ ಪಾತ್ರೆ ತೊಳೀತಿದ್ರು, ಬೇಡ ಅಂದ್ರೆ ಕೇಳಲ್ಲ." ಹೊರೆಯ ಹಗ್ಗ ಬಿಚ್ಚುತ್ತಾ ಹೇಳಿದಳು: "ಈ ಮನೇಲಿ ಹುಟ್ಟೋದಾದ್ರೆ ಹುಳುವಾಗೇ ಹುಟ್ಟಬೇಕು ಬಿಡಿ."

ಬಾಯಿ ಜಾಸ್ತಿಯಾಗಿದೆ ಇವಳಿಗೆ. ಬೈದೆ. ಅವಳು ನಕ್ಕುಕೊಂಡು ಹೋದಳು.

ಹಂಡೆಗೆ ಬೆಳಿಗ್ಗೆ ಐದಕ್ಕೇ ಬೆಂಕಿ ಹಾಕು ಎಂದು ಕದಿರೇಶನಿಗೆ ಹೇಳಿದ್ದೇನೆ.

ಡಿಸೆಂಬರ್ ೨೦, ಶುಕ್ರವಾರ

ಮೂಲೆಯ ಅಂಕಣದಲ್ಲಿ ಮೂರು ಹುಳು. ಮುಟ್ಟಿದರೆ ಕಡ್ಡಿ. ಮಧ್ಯಾಹ್ನದ ಹೊತ್ತಿಗೆ ಒಂದು ಬೆಳ್ಳಗಾಯಿತು. ಸುಣ್ಣಕಟ್ಟು.

ಹದಿನೇಳು ದಿನದಿಂದ ಅವಳು ಈ ಹೊಸ್ತಿಲು ದಾಟಿಲ್ಲ. ದಾಟಿದವನು ನಾನೊಬ್ಬನೇ.

ಸಾಯಂಕಾಲಕ್ಕೆ ನಲವತ್ತು ಆರಿಸಿದೆ. ಕಡ್ಡಿಯಲ್ಲಿ ಎತ್ತಿ ಡಬ್ಬಕ್ಕೆ ಹಾಕುತ್ತಿದ್ದೆ. ಕಿಟಕಿಯ ಹತ್ತಿರ ನೆರಳು ಬಂತು. ಕದಿರಮ್ಮ. ಹದಿನೇಳು ದಿನದಲ್ಲಿ ತಾನಾಗಿ ನನ್ನ ಜೊತೆ ಆಡಿದ ಮೊದಲ ಮಾತು:

"ಮಧ್ಯಾಹ್ನ ಮೇಲಿನ ಕಿಟಕಿ ತೆಗೀತಿದ್ರಾ?"

"ಶಾಖ ಹೋಗ್ತದೆ ಅಂತ ತೆಗೀಲಿಲ್ಲ."

"ಸೊಪ್ಪು ಎಷ್ಟೊತ್ತಿಗೆ ಕೊಯ್ಯಿಸ್ತಿದ್ರಿ?"

"ಆರೂವರೆಗೆ."

"ಇಬ್ಬನಿ ಸಮೇತ." ಅಷ್ಟೇ ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಮೂವತ್ತೆಂಟು ವರ್ಷ ಮೇಲಿನ ಕಿಟಕಿ ತೆಗೆದು ಮುಚ್ಚುತ್ತಿದ್ದವಳು ಅವಳು. ಸೊಪ್ಪನ್ನು ಬಿಸಿಲೇರಿದ ಮೇಲೆ ಕೊಯ್ಯಿಸಿ, ನೆರಳಿನಲ್ಲಿ ಕೊಡವಿ ಹಾಕಿಸುತ್ತಿದ್ದವಳೂ ಅವಳೇ. ನನಗೆ ಅದು ಕೆಲಸ ಎಂದೇ ಗೊತ್ತಿರಲಿಲ್ಲ.

"ಒಳಗೆ ಬಾ" ಎಂದೆ.

"ಸುಣ್ಣ ದಾಟಿ ನಾನು ಬರಲ್ಲ."

"ಪ್ರತಿ ಬೆಳೆಗೂ ದಾಟ್ತಿದ್ದೆ."

"ಅದು ಹೊರಗಿನವರಿಗೆ ಎಳೆದ ಸುಣ್ಣ" ಎಂದಳು. ಹೋದಳು.

ಡಿಸೆಂಬರ್ ೨೧, ಶನಿವಾರ

ಬೆಳಿಗ್ಗೆ ಎರಡು ಕೊಡ ನೀರು ಹಾಕಿ ಹೊಸ್ತಿಲು ತೊಳೆದೆ. ಅವಳು ನಿಂತಿದ್ದ ಜಾಗದಲ್ಲಿ ಸುಣ್ಣ ಗಾರೆಗೆ ಹಿಡಿದಿತ್ತು, ಹೋಗಲಿಲ್ಲ. ತೆಂಗಿನ ನಾರಿನಲ್ಲಿ ಉಜ್ಜಿದೆ. ದೊಡ್ಡವೆಂಕಟಪ್ಪ ಗೋಡೆಯ ಆಚೆಯಿಂದ, "ಏನ್ಲಾ, ರೋಗ ಬಂದಾಗ ಸುಣ್ಣ ಹಾಕ್ತಾರೆ, ನೀನು ತೊಳೀತಿದೀಯಾ" ಎಂದ. ನಿನ್ನ ಮನೆ ನೀನು ನೋಡಿಕೋ ಎಂದೆ. ಇನ್ನೂ ಒಂದೆರಡು ಮಾತು ಹೇಳಿದೆ, ಅವನ್ನು ಬರೆಯುವುದಿಲ್ಲ.

ಹತ್ತು ಗಂಟೆಗೆ ಬಂದಳು. ಒಳಗೆ ಬಂದು, ಎಂದಿನಂತೆ ಬಾಗಿಲ ಬಳಿ ಇಟ್ಟ ಬೋಗುಣಿಯ ನೀರಲ್ಲಿ ಕಾಲು ತೊಳೆದಳು. ಆರಿಸಲು ಅವಳ ಕೈಯಲ್ಲಾಗುವುದಿಲ್ಲ. ಸ್ಟೂಲಿನ ಮೇಲೆ ಕೂತು ಕಣ್ಣಲ್ಲೇ ಹುಡುಕಿದಳು. "ಅಲ್ಲಿ, ಎರಡನೇ ಸೊಪ್ಪಿನ ಕಡ್ಡಿ ಕೆಳಗೆ. ಅದಲ್ಲ. ಪಕ್ಕದ್ದು. ಅದಿನ್ನೂ ಬೆಳ್ಳಗಾಗಿಲ್ಲ, ಆದ್ರೂ ತೆಗೀರಿ." ಅವಳು ಹೇಳಿದ ಒಂದೊಂದನ್ನೂ ಮುಟ್ಟಿ ನೋಡಿದೆ. ಎಲ್ಲವೂ ಕಡ್ಡಿಯೇ.

ಒಂದು ಗಂಟೆಗೆ ಮೇಲಿನ ಕಿಟಕಿ ತೆಗೆದೆ. ಆಗ ಅವಳ ಕೈ ನೋಡಿದೆ. ಬೆರಳು ಕೆಂಪಗಿದ್ದವು, ಹಣ್ಣಿನ ಹಾಗೆ. ಬೆಳಗಿನಿಂದ ಒಂದು ಸಲವೂ ಬೆಳ್ಳಗಾಗಿರಲಿಲ್ಲ.

ಇಪ್ಪತ್ತಾರು ಡಿಗ್ರಿ.

ಬೆಳ್ಳಗಾದದ್ದು: ಸಾಯಂಕಾಲ ಹೊರಗೆ ಹೋದ ಮೇಲೆ ಒಂದು ಸಲ.

ಡಿಸೆಂಬರ್ ೨೬, ಗುರುವಾರ

ಹುಳು ಹಣ್ಣಾದವು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಮುಕ್ಕಾಲು ಪಾಲು ಉಳಿದಿದೆ. ಕಿಟಕಿ ತೆಗೆದದ್ದಕ್ಕೆ ಉಳಿಯಿತು.

ಅವಳ ಮಂಚವನ್ನು ಹುಳದ ಮನೆಯೊಳಗೆ, ಬಾಗಿಲ ಬಳಿ ಹಾಕಿದ್ದೇನೆ. ಸೊಸೆ ನೋಡಿ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಸಿಟ್ಟು ತರಿಸಿತು.

ಇವಳ ತಲೆ ಬಾಚುವುದು ಈಗ ನನ್ನ ಪಾಲಿಗೆ ಬಂದಿದೆ. ಕೈ ಮೇಲೆತ್ತಲು ಆಗುವುದಿಲ್ಲವಂತೆ. ಸೊಸೆ ಬಾಚಿದರೆ ಬಿಗಿ ಜಾಸ್ತಿಯಂತೆ. ನಾನು ಬಾಚಿದರೆ ಬೈತಲೆ ಸೊಟ್ಟ. ಹೊಲ ಉಳುವಾಗ ನೆಟ್ಟಗೆ ಉಳುತ್ತೀರಿ ಎಂದಳು. ಹೊಲ ಮಾತಾಡುವುದಿಲ್ಲ ಎಂದೆ. ಎಣ್ಣೆ ಬಿಸಿ ಮಾಡಿ ಬೆರಳೊಂದೊಂದನ್ನೇ ತಿಕ್ಕಬೇಕು, ಇಪ್ಪತ್ತು ನಿಮಿಷ. ಬೇರೆ ಕೆಲಸವೇ ಇಲ್ಲ ನನಗೆ.

ಮುಷ್ಟಿಯಲ್ಲಿ ಉಳಿದ ಜಾಗ ಅಷ್ಟೇ, ಒಂದು ಗೂಡು. ಹುಣ್ಣು ಒಣಗುತ್ತಿದೆ. ಮೆತ್ತಗೆ ಮಾಡಿದ ಅನ್ನ ಒಂದು ತಟ್ಟೆ ಉಂಡಳು, ನಾನು ಪಕ್ಕದಲ್ಲೇ ಕೂತಿದ್ದೆ. ಉಸಿರು ಸಾಲದೆ ನಿಂತದ್ದು ಮೂವತ್ತೊಂದು ಹೆಜ್ಜೆಗೆ. ಕಡಿಮೆಯಾಗಿದೆ. ಇದು ನನಗೆ ಸರಿ ಕಾಣುತ್ತಿಲ್ಲ.

ಜನವರಿ ೨, ಗುರುವಾರ

ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದೆವು. "ಈಗ ಸ್ಕ್ಯಾನ್" ಎಂದೆ. "ಈಗ ಯಾಕೆ ಅಷ್ಟು ಅವಸರ" ಎಂದಳು. "ನಿನ್ನ ಹುಳು ಮುಗೀತಲ್ಲ" ಎಂದೆ. "ನಮ್ಮ" ಎಂದಳು.

ಹೆಜ್ಜೆ ಇಪ್ಪತ್ತೇಳು.

ಜನವರಿ ೮, ಬುಧವಾರ

ಸ್ಕ್ಯಾನ್ ಆಯಿತು. ಆ ಮಿಷನ್ನಿನೊಳಗೆ ಅವಳನ್ನು ಒಬ್ಬಳನ್ನೇ ಕಳಿಸಿದರು, ಒಳಗೆ ತುಂಬಾ ತಣ್ಣಗಿತ್ತಂತೆ, ಬರುವಾಗ ಹತ್ತು ಬೆರಳೂ ಬೆಳ್ಳಗೆ. ಕೈಯನ್ನು ನನ್ನ ಬಗಲಲ್ಲಿ ಇಡು ಎಂದೆ. ಜನ ನೋಡುತ್ತಾರೆ ಎಂದಳು. ನೋಡಲಿ ಎಂದೆ.

ಹುಳದ ಮನೆಯಲ್ಲಿ ಮಲಗಿಸುತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಿದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಶಾಖ ಒಳ್ಳೇದೇ ತಾತ. ಆದ್ರೆ ಅಲ್ಲಿ ಸುಣ್ಣದ ಧೂಳು, ಫಾರ್ಮಲಿನ್ ಗಾಳಿ ಇರುತ್ತಲ್ಲ. ಶ್ವಾಸಕೋಶಕ್ಕೆ ಬಂದಿದ್ರೆ ಹುಳು ಇರೋ ಮನೇಲಿ ಅವರು ಇರಬಾರದು. ಬಂದಿಲ್ಲ ಅಂದ್ರೆ ಬೇರೆ ಮಾತು. ರಿಪೋರ್ಟನ್ನ ಬೆಂಗಳೂರಿನ ದೊಡ್ಡ ಡಾಕ್ಟ್ರಿಗೆ ಕಳಿಸಿ ಕೇಳಿ ಹೇಳ್ತೀನಿ."

"ಯಾವಾಗ?"

"ಬಂದ ತಕ್ಷಣ."

ತಕ್ಷಣ ಎನ್ನುವುದು ತಾರೀಖಲ್ಲ.

ಜನವರಿ ೧೧, ಶನಿವಾರ

ಫೋನ್ ಮಾಡಿಸಿದೆ. ಇನ್ನೂ ಬಂದಿಲ್ಲ. ಹೆಜ್ಜೆ ಇಪ್ಪತ್ತಾರು.

ಚಾಕಿ ಕೇಂದ್ರದವನು ಬಂದಿದ್ದ. ಇಪ್ಪತ್ತೊಂದಕ್ಕೆ ಹುಳು ರೆಡಿ, ಎಷ್ಟು ಮೊಟ್ಟೆ ಬರೆದುಕೊಳ್ಳಲಿ ಎಂದ. ಕದಿರಮ್ಮ ಒಳಗಿನಿಂದ, "ಇನ್ನೂರೇ ಬರ್ಕೊಳ್ಳಪ್ಪ" ಎಂದಳು. ಬರೆದುಕೊಳ್ಳಬೇಡ, ಆಮೇಲೆ ಹೇಳುತ್ತೇನೆ ಎಂದು ನಾನು ಕಳಿಸಿದೆ. "ಮೂವತ್ತೆಂಟು ವರ್ಷದಲ್ಲಿ ಒಂದು ಬೆಳೆ ಬಿಟ್ಟಿಲ್ಲ" ಎಂದಳು. ಗೊತ್ತು ಎಂದೆ.

ಜನವರಿ ೧೩, ಸೋಮವಾರ

ಈ ಒಂದು ಹಾಳೆ ಹರಿದು ಡಾಕ್ಟರಿಗೆ ಕಳಿಸುತ್ತೇನೆ. ಮಿಕ್ಕವು ನನ್ನವು.

ಡಾಕ್ಟರ್ ಮಾನಸ ಅವರಿಗೆ ಸುಗಟೂರು ಗಂಗುಲಪ್ಪ ಬರೆದದ್ದು.

ನೀವು ಬರೆಯಿರಿ ಎಂದಿರಿ, ಐವತ್ತು ದಿನ ಬರೆದೆ. ನಂಬರೆಲ್ಲ ಸೊಸೆಯ ಹಾಳೆಯಲ್ಲಿವೆ. ಅದರಲ್ಲಿ ಡಿಸೆಂಬರ್ ನಾಲ್ಕರಿಂದ ಇಪ್ಪತ್ತರವರೆಗಿನ ಅಳತೆ ಸರಿಯಿಲ್ಲ. ಆ ದಿನಗಳಲ್ಲಿ ಅವಳು ಚಳಿಯಲ್ಲಿದ್ದಳು. ಅದು ಕಾಯಿಲೆಯ ಲೆಕ್ಕಕ್ಕೆ ಸೇರಿಸಬೇಡಿ, ನನ್ನ ಲೆಕ್ಕಕ್ಕೆ ಸೇರಿಸಿ.

ಗಟ್ಟಿಯಾಗುವುದಕ್ಕೆ ನಿಮ್ಮ ಪದ ಏನೆಂದು ತಿಳಿದುಕೊಂಡೆ. ಜೊತೆಯ ಪದ ಜಾಗ ಹೇಳುತ್ತದೆ ಎಂದಿರಿ. ನನಗೆ ಬೇಕಾದದ್ದು ಒಂದೇ ಜಾಗ. ಅವಳ ಶ್ವಾಸಕೋಶದಲ್ಲಿ ಅದು ಇದೆಯೋ ಇಲ್ಲವೋ.

ಇಲ್ಲ ಎಂದರೆ ಇಪ್ಪತ್ತೊಂದಕ್ಕೆ ಹುಳು ತರುತ್ತೇನೆ, ಅವಳು ಸ್ಟೂಲಿನ ಮೇಲೆ ಕೂತು ಹೇಳುತ್ತಾಳೆ, ನಾನು ಆರಿಸುತ್ತೇನೆ. ಇದೆ ಎಂದರೆ ಹುಳು ತರುವುದಿಲ್ಲ. ಹುಳದ ಮನೆಯ ಗೋಡೆಗೆ ಹೊಸ ಬಣ್ಣ ಹೊಡೆಸುತ್ತೇನೆ, ಫಾರ್ಮಲಿನ್ ಡಬ್ಬ ಹೊರಗೆ ಹಾಕುತ್ತೇನೆ. ಹೀಟರ್ ಅಲ್ಲೇ, ಅವಳ ಮಂಚದ ಬಳಿ ಇರುತ್ತದೆ. ಇಪ್ಪತ್ತಾರಕ್ಕೇ ಉರಿಯುತ್ತದೆ.

ಅವಳನ್ನು ಕೇಳಬೇಡಿ, ಅವಳು ಹುಳು ಬೇಕು ಎನ್ನುತ್ತಾಳೆ. ನನಗೆ ಹೇಳಿ. ಬಂದ ತಕ್ಷಣ, ನೋಡೋಣ, ಸ್ವಲ್ಪ ಕಾಯಿರಿ, ಇವು ಬೇಡ. ಇದೆ ಅಥವಾ ಇಲ್ಲ. ಜನವರಿ ಇಪ್ಪತ್ತು, ಸೋಮವಾರ, ಸಾಯಂಕಾಲ ಐದು ಗಂಟೆಯೊಳಗೆ ಉತ್ತರ ಬೇಕು.